ಜೀನ್ ವುಲ್ಫ್‌ನನ್ನು ಆರು ಜನ ಓದಿ ಮುಗಿಸಿದರು: ನನ್ನ ಅನುಭವ

ಹೋದ ಭಾನುವಾರ ನಮ್ಮ ಮನೆಯ ಹಾಲ್‌ನಲ್ಲಿ ಆರು ಜನ ಕೂತು ಅಮೆರಿಕದ ಲೇಖಕ ಜೀನ್ ವುಲ್ಫ್‌ನ ಸೈನ್ಸ್ ಫಿಕ್ಷನ್ ಕಾದಂಬರಿ ‘ದಿ ಬುಕ್ ಆಫ್ ದಿ ನ್ಯೂ ಸನ್’ ನಾಲ್ಕೂ ಸಂಪುಟ ಓದಿ ಮುಗಿಸಿದೆವು. ಹತ್ತಿರ ಹತ್ತಿರ 14 ತಿಂಗಳು ಹಿಡಿಯಿತು. “ಇದು ನಿನ್ನೊಬ್ಬನ ಹುಚ್ಚು, ಬೇರೆ ಯಾರೂ ಓದಲ್ಲ ಬಿಡು” ಅಂದಿದ್ದವರಲ್ಲಿ ಇಬ್ಬರು ಆ ಆರರಲ್ಲೇ ಇದ್ದರು. ಮೂವರು ಆಗಲೇ ಎರಡನೇ ಓದು ಶುರು ಮಾಡಿದ್ದಾರೆ. ವುಲ್ಫ್ ಓದಿದವರಿಗೆ ಗೊತ್ತು, ನಿಜವಾದ ಓದು ಅಲ್ಲಿಂದಲೇ.

ನನಗೆ ಅವನು ಸಿಕ್ಕಿದ್ದು ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ, ಹಳೇ ಪುಸ್ತಕದ ರಾಶಿಯಲ್ಲಿ. ಮೊದಲೆರಡು ಸಂಪುಟ ಸೇರಿಸಿ ಕಟ್ಟಿದ ಪ್ರತಿ, 250 ರೂಪಾಯಿ ಕೊಟ್ಟ ನೆನಪು. ಅಂದಿನಿಂದ ಇದನ್ನು ಇನ್ನೊಬ್ಬರಿಗೆ ದಾಟಿಸಬೇಕು ಅನ್ನೋದೇ ಯೋಚನೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ: ಕೈಗೆ ಪುಸ್ತಕ ಕೊಟ್ಟೆ. ಮೂರು ಪ್ರತಿ ಹೋಯಿತು, ಒಂದು ವಾಪಸ್ ಬಂತು, ನಲವತ್ತನೇ ಪುಟದ ಹತ್ತಿರ ಬಸ್ ಟಿಕೆಟ್ ಸಿಕ್ಕಿಸಿಕೊಂಡು. ಆಮೇಲೆ ಮುನ್ನುಡಿ ಹೇಳಲು ಹೋದೆ. ಕಥೆ ಹೇಳುವ ನಾಯಕ ಸೆವೇರಿಯನ್ ತಾನು ಏನನ್ನೂ ಮರೆಯುವುದಿಲ್ಲ ಅನ್ನುತ್ತಾನೆ, ನಂಬಬೇಡಿ ಅಂತ ಎಚ್ಚರಿಸಿದೆ. ಅದೇ ದೊಡ್ಡ ತಪ್ಪು. ಪ್ರತಿ ಸಾಲಿನಲ್ಲೂ ಸುಳ್ಳು ಹುಡುಕುತ್ತಾ ಕೂತರು, ಕಥೆ ಕೈಬಿಟ್ಟು ಹೋಯಿತು. ಮೂರನೆಯದು ಪದಗಳ ಪಟ್ಟಿ. ವುಲ್ಫ್ ಆ ನಾಲ್ಕು ಸಂಪುಟಗಳಲ್ಲಿ ವಿಚಿತ್ರ ಪದಗಳನ್ನು ಹುಟ್ಟಿಸಿದವನಲ್ಲ, ಗ್ರೀಕ್, ಲ್ಯಾಟಿನ್, ಹಳೇ ಇಂಗ್ಲಿಷ್‌ನಿಂದ ಹೆಕ್ಕಿದವನು. ಸುಮಾರು 200 ಪದ ಅರ್ಥಸಮೇತ ಪ್ರಿಂಟ್ ಹಾಕಿಸಿ ಹಂಚಿದೆ. ಜೆರಾಕ್ಸ್ ಖರ್ಚೇ 600 ಆಯಿತು. ಪರೀಕ್ಷೆಗೆ ಓದುವವರ ಮುಖ ಮಾಡಿಕೊಂಡು ಎರಡೇ ವಾರಕ್ಕೆ ಬಿಟ್ಟರು.

ಒಮ್ಮೆ ಇಂಜಿನಿಯರ್ ಗೆಳೆಯರನ್ನು ಸೆಳೆಯಲು ಪ್ರಿಂಗಲ್ಸ್ ಚಿಪ್ಸ್‌ನ ಕಥೆ ಹೇಳಿದೆ. ವುಲ್ಫ್ ಮೆಕ್ಯಾನಿಕಲ್ ಇಂಜಿನಿಯರ್, ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನಲ್ಲಿದ್ದಾಗ ಆ ಚಿಪ್ಸ್ ಬೇಯಿಸುವ ಯಂತ್ರದ ಮೇಲೆ ಕೆಲಸ ಮಾಡಿದವನು. (ಚಿಪ್ಸನ್ನೇ ಕಂಡುಹಿಡಿದ ಅಂತ ಹೇಳುವವರಿದ್ದಾರೆ, ಅದು ತಪ್ಪು.) ಮೊದಲ ದಿನ ಒಂಬತ್ತು ಜನ ಬಂದರು, ಮೂರನೇ ವಾರಕ್ಕೆ ಇಬ್ಬರು ಉಳಿದರು.

ದುಡ್ಡಿನ ವಿಷಯ: ಎಲ್ಲ ಸೇರಿ 9,000 ಹತ್ತಿರ ಹೋಗಿರಬೇಕು. ಅದರಲ್ಲಿ 2,000 ಚಿಲ್ಲರೆ ಹೊರದೇಶದ ಒಬ್ಬ ಮಾರಾಟಗಾರನಿಗೆ. ಮೂರನೇ ಸಂಪುಟ ಕೇಳಿದರೆ ಒಂದನೆಯದು ಕಳಿಸಿದ.

ದಾರಿ ತೋರಿಸಿದ್ದು ಗಮಕ. ನಮ್ಮದು ಶಿವಮೊಗ್ಗ ಕಡೆ, ಗಮಕಕ್ಕೆ ಹೆಸರಾದ ಹೊಸಹಳ್ಳಿ ದೂರವಿಲ್ಲ. ಕುಮಾರವ್ಯಾಸನನ್ನು ಒಬ್ಬರು ವಾಚನ ಮಾಡಿ ಇನ್ನೊಬ್ಬರು ವ್ಯಾಖ್ಯಾನ ಮಾಡುವುದನ್ನು ಕೇಳಿಯೇ ಬೆಳೆದವನು ನಾನು. ಅಕ್ಷರ ಬಾರದ ನಮ್ಮಜ್ಜಿಗೆ ಗದುಗಿನ ಭಾರತ ಅರ್ಥವಾಗುತ್ತಿದ್ದರೆ, ಇವರಿಗೆ ವುಲ್ಫ್ ಯಾಕೆ ಆಗಬಾರದು ಅನ್ನಿಸಿತು. ಇಂಗ್ಲಿಷ್ ಕಾದಂಬರಿಗೆ ಗಮಕವೇ ಅಂತ ಗೆಳೆಯರು ತಲೆ ಅಲ್ಲಾಡಿಸಿದರು. ಒಂದು ಬದಲಾವಣೆ ಮಾಡಿಕೊಂಡೆ. ಓದುವವರು ಮೊದಲ ಸಲ ಓದುವವರೇ ಆಗಿರಬೇಕು. ವಾರಕ್ಕೆ ಆರೇಳು ಪುಟ ಮಾತ್ರ ಗಟ್ಟಿಯಾಗಿ, ಉಳಿದದ್ದು ಮನೆಯಲ್ಲಿ. ವ್ಯಾಖ್ಯಾನಕ್ಕೆ ಕೂತ ನಾನು ಅರ್ಥ ಹೇಳುವಂತಿಲ್ಲ, “ಇಲ್ಲಿ ಇವನು ಏನನ್ನು ಹೇಳದೆ ಬಿಟ್ಟ?” ಅಂತ ಕೇಳಬಹುದು, ಅಷ್ಟೇ. ಪ್ರಶ್ನೆಗಳಿಗೆ ಒಂದು ಉದ್ದ ನೋಟ್‌ಬುಕ್. ಕೇಳಿದವರೇ ಮುಂದೆ ಉತ್ತರ ಕಂಡುಕೊಂಡು ಬರೆಯಬೇಕು.

ಮೊದಲ ಸಂಪುಟದ ಐದನೇ ಅಧ್ಯಾಯದಲ್ಲಿ ಮುದುಕನೊಬ್ಬ ಹಳೇ ಚಿತ್ರಗಳ ಕೊಳೆ ತೆಗೆಯುತ್ತಿರುತ್ತಾನೆ. ಒಂದರಲ್ಲಿ ಬಂಜರು ನೆಲ, ಕವಚ ತೊಟ್ಟ ಆಕೃತಿ, ಕೈಯಲ್ಲಿ ಆಯುಧವಿಲ್ಲ, ಅಲುಗದ ಒಂದು ಬಾವುಟ, ಮುಖದ ಮೇಲೆ ಪೂರ್ತಿ ಚಿನ್ನದ ಮುಸುಕು. ಅವತ್ತು ಓದುತ್ತಿದ್ದ ಹುಡುಗಿ ಬ್ಯಾಂಕ್ ಉದ್ಯೋಗಿ, ಸೈನ್ಸ್ ಫಿಕ್ಷನ್ ಮುಟ್ಟಿದವಳೇ ಅಲ್ಲ. ವಾಕ್ಯದ ಮಧ್ಯೆ ನಿಲ್ಲಿಸಿ, “ಸರ್, ಇದು ಚಂದ್ರನ ಮೇಲೆ ಇಳಿದವರ ಫೋಟೋ ಅಲ್ವಾ?” ಅಂದಳು. ಯಾರೂ ಮಾತಾಡಲಿಲ್ಲ. ಹಾಗಾದರೆ ಹಳೇ ಕಾಲದ್ದು ಅನ್ನಿಸುತ್ತಿದ್ದ ಈ ಕಥೆ ನಿಜಕ್ಕೂ ಯಾವ ಕಾಲದ್ದು ಅನ್ನುವುದು ಒಬ್ಬೊಬ್ಬರಿಗೂ ತಾನಾಗಿ ಹೊಳೆಯುತ್ತಿರುವುದನ್ನು ನೋಡುತ್ತಾ ಕೂತಿದ್ದೆ. ನಾನು ವರ್ಷಗಟ್ಟಲೆ ವಿವರಿಸಿ ಹಾಳುಮಾಡುತ್ತಿದ್ದದ್ದು ಇದನ್ನೇ. ಅವತ್ತಿನಿಂದ ಒಬ್ಬರೂ ತಪ್ಪಿಸಲಿಲ್ಲ.

ನಡುವೆ ಕಿಟ್ಟೆಲ್ ಕೋಶ ಇಟ್ಟುಕೊಂಡು ಒಂದು ಪುಟ ಕನ್ನಡಕ್ಕೂ ತಂದೆ. ವುಲ್ಫ್‌ನ ‘ಡೆಸ್ಟ್ರಿಯರ್’ಗೆ (ಯುದ್ಧದ ಕುದುರೆಗೆ ಹಳೇ ಹೆಸರು) ಬರೀ ಕುದುರೆ ಅಂದರೆ ಸಪ್ಪೆ, ಕುಮಾರವ್ಯಾಸನ ‘ವಾರುವ’ ಹಾಕಿದ ತಕ್ಷಣ ಜೀವ ಬಂತು. ಆ ಪುಟ ಚೆನ್ನಾಗಿ ಬಂದಿದೆ ಅಂತ ಧೈರ್ಯವಾಗಿ ಹೇಳುತ್ತೇನೆ. ಎರಡನೇ ಸಂಪುಟದಲ್ಲಿ ಬರುವ ನಾಟಕವನ್ನು ತಾಳಮದ್ದಳೆಯಂತೆ ಪಾತ್ರ ಹಂಚಿ ಮಾಡಿಸಿದ್ದು ಮಾತ್ರ ಕೈಕೊಟ್ಟಿತು. ಎಲ್ಲರೂ ಸ್ವಂತ ಅರ್ಥ ಬೆಳೆಸಿ ಮೂಲ ಎಲ್ಲೋ ಹೋಯಿತು.

ಹೊಸಬರಿಗೆ ಮೊದಲು ವುಲ್ಫ್‌ನ 1972ರ ‘ದಿ ಫಿಫ್ತ್ ಹೆಡ್ ಆಫ್ ಸೆರ್ಬೆರಸ್’ ಕೊಡಿ, ಚಿಕ್ಕದು ಅನ್ನುತ್ತಾರೆ. ಇಬ್ಬರಿಗೆ ಕೊಟ್ಟು ನೋಡಿದೆ, ಒಬ್ಬರಿಗೆ ಹಿಡಿಸಿತು. ನನ್ನ ಪ್ರಕಾರ ನೇರ ದೊಡ್ಡದಕ್ಕೇ ಇಳಿಸುವುದು ಒಳ್ಳೆಯದು. ನಾಲ್ಕನೇ ಸಂಪುಟ ಮುಗಿದ ಕೂಡಲೇ ಮೊದಲನೆಯದರ ಒಂದು ನಿರ್ದಿಷ್ಟ ಪುಟಕ್ಕೆ ಎಲ್ಲರನ್ನೂ ವಾಪಸ್ ಕರೆದುಕೊಂಡು ಹೋಗುತ್ತೇನೆ. ಯಾವ ಪುಟ ಅಂತ ಇಲ್ಲಿ ಬರೆಯಲ್ಲ.

ಮುಂದಿನ ತಿಂಗಳಿಂದ ಅವನದೇ 1975ರ ಕಾದಂಬರಿ ‘ಪೀಸ್’. ನಾಲ್ಕು ಪ್ರತಿ ಸಿಕ್ಕಿವೆ, ಇನ್ನೆರಡು ಹುಡುಕುತ್ತಿದ್ದೇನೆ. ಅದರ ಮೊದಲ ವಾಕ್ಯದಲ್ಲೇ ಒಂದು ಮರ ಬೀಳುತ್ತದೆ. ಅದನ್ನು ಯಾರ ಕೈಯಲ್ಲಿ ಓದಿಸಬೇಕು ಅನ್ನುವುದು ಆಗಲೇ ಗೊತ್ತು, ಅವರಿಗೆ ಇನ್ನೂ ಹೇಳಿಲ್ಲ.