ದವಡೆ ನೋಯ್ತಿದ್ಯಾ? ಮೇಲಿನ ಹಲ್ಲಿಗೆ ಕೆಳಗಿನ ಹಲ್ಲು ತಾಗದಿರಲಿ

ಮಂಡಿ ಹಿಡಿದುಕೊಂಡರೆ ಮೆಟ್ಟಿಲು ಹತ್ತುವುದನ್ನು ಕಡಿಮೆ ಮಾಡುತ್ತೇವೆ. ಭುಜ ನೋಯುತ್ತಿದ್ದರೆ ಆ ಕೈಯಲ್ಲಿ ಭಾರ ಎತ್ತುವುದಿಲ್ಲ. ದವಡೆ ವಿಷಯದಲ್ಲಿ ಮಾತ್ರ ಈ ಬುದ್ಧಿ ಓಡುವುದೇ ಇಲ್ಲ. ಹಲ್ಲು ಹುಳುಕಾಗಿರಬೇಕು ಅಂತ ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇವೆ, ಕಿವಿ ಸೋಂಕಿರಬೇಕು ಅಂತ ಡ್ರಾಪ್ಸ್ ಹಾಕಿಕೊಳ್ಳುತ್ತೇವೆ. ಎರಡೂ ಸರಿಯಿದೆ ಅಂತ ಗೊತ್ತಾದ ಮೇಲೂ, ಅಲ್ಲೊಂದು ಕೀಲಿದೆ, ಅದನ್ನು ಎಳೆಯುವ ಸ್ನಾಯುಗಳಿವೆ, ಅವೂ ದಣಿಯುತ್ತವೆ ಅನ್ನುವುದು ಹೊಳೆಯುವುದಿಲ್ಲ.

ಕಿವಿಗೂ ದವಡೆಗೂ ನಂಟು ಕಟ್ಟಿದ್ದು ಹೊಸದೇನಲ್ಲ. 1934ರಲ್ಲಿ ಜೇಮ್ಸ್ ಕಾಸ್ಟೆನ್ ಎಂಬ ಅಮೆರಿಕದ ಕಿವಿ, ಗಂಟಲು ವೈದ್ಯರು ಕಿವಿ ನೋವು, ಕಿವಿಯೊಳಗಿನ ಮೊರೆತ, ತಲೆನೋವು ಎಲ್ಲವನ್ನೂ ದವಡೆ ಕೀಲಿನ ಜೊತೆ ಸೇರಿಸಿ ಬರೆದರು. ಹಲ್ಲು ಉದುರಿ ದವಡೆ ಹಿಂದಕ್ಕೆ ಸರಿದು ಒತ್ತುತ್ತದೆ ಎಂದು ಅವರು ಕೊಟ್ಟ ಕಾರಣ ಮುಂದೆ ನಿಲ್ಲಲಿಲ್ಲ. ನಂಟು ಮಾತ್ರ ಉಳಿಯಿತು. ಹೆಂಗಸರಲ್ಲಿ, ಅದರಲ್ಲೂ 20ರಿಂದ 40ರ ವಯಸ್ಸಿನವರಲ್ಲಿ ಈ ನೋವು ಜಾಸ್ತಿ.

ಸಮಾಧಾನದ ಸಂಗತಿ ಏನೆಂದರೆ, ಬಹುತೇಕ ದವಡೆ ನೋವು ಆಪರೇಷನ್ ಇಲ್ಲದೆ ಹೋಗುತ್ತದೆ. ಮಾಡಬೇಕಾದ ಕೆಲಸವೂ ದೊಡ್ಡದಲ್ಲ. ಆದರೆ ದಿನವಿಡೀ ನೆನಪಿಟ್ಟುಕೊಂಡು ಮಾಡಬೇಕು, ಕಷ್ಟ ಇರುವುದು ಅಲ್ಲೇ.

ಮೊದಲು ಇದನ್ನು ನೋಡಿಕೊಳ್ಳಿ

ಮನೆಯಲ್ಲಿ ಮಾಡುವ ಯಾವ ವ್ಯಾಯಾಮಕ್ಕೂ ಮುಂಚೆ, ಇದು ಮನೆಯಲ್ಲಿ ನೋಡಿಕೊಳ್ಳುವಂಥ ನೋವೇ ಅಂತ ಖಚಿತ ಮಾಡಿಕೊಳ್ಳಿ. ನಡೆದಾಗ, ಮೆಟ್ಟಿಲು ಹತ್ತಿದಾಗ ದವಡೆ ಹಿಡಿದುಕೊಂಡು, ಕೂತರೆ ಕಡಿಮೆಯಾಗುತ್ತಿದ್ದರೆ ಅದು ಹೃದಯದ ಸೂಚನೆ ಆಗಿರಬಹುದು. ಜೊತೆಗೆ ಎದೆ ಬಿಗಿತ, ತಣ್ಣನೆ ಬೆವರು, ಉಸಿರಾಟದ ತೊಂದರೆ, ಕೈಗೆ ಹರಡುವ ನೋವು ಇದ್ದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೋಗಿ. 50 ದಾಟಿದವರಿಗೆ ಅಗಿಯುವಾಗ ದವಡೆ ಸೋತು ನೋಯುವುದು, ಹೊಸದಾಗಿ ತಲೆನೋವು, ತಲೆ ಬಾಚಿದರೂ ನೋವು, ಕಣ್ಣು ಮಂಜಾಗುವುದು ಕಂಡರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಇದು ತಲೆಯ ರಕ್ತನಾಳದ ಉರಿಯೂತ ಆಗಿರಬಹುದು, ತಡವಾದರೆ ದೃಷ್ಟಿಯೇ ಹೋಗಬಹುದು.

ಜ್ವರ, ಊತ, ಪೆಟ್ಟು ಬಿದ್ದ ಮೇಲೆ ಬಂದ ನೋವು, ಮುಖದಲ್ಲಿ ಜೋಮು, ಬಾಯೊಳಗೆ ವಾಸಿಯಾಗದ ಹುಣ್ಣು ಅಥವಾ ಗಂಟು, ದಿನದಿಂದ ದಿನಕ್ಕೆ ಬಾಯಿ ತೆರೆಯುವುದು ಕಡಿಮೆ ಆಗುತ್ತಿರುವುದು, ಇವೆಲ್ಲ ಡಾಕ್ಟರು ನೋಡಬೇಕಾದವು. ಬಾಯಿ ತೆರೆದದ್ದು ತೆರೆದ ಹಾಗೇ ನಿಂತು ಮುಚ್ಚಲು ಬರದಿದ್ದರೆ ಕೀಲು ಜಾರಿದೆ ಅಂತ ಅರ್ಥ. ಮನೆಯಲ್ಲಿ ಯಾರೂ ಅದನ್ನು ಒತ್ತಿ ಕೂರಿಸಲು ಹೋಗಬಾರದು.

ಬೆರಳಿಟ್ಟು, ಕನ್ನಡಿ ಮುಂದೆ

ಇವು ಯಾವುವೂ ಇಲ್ಲವೇ? ಹಾಗಾದರೆ ಕನ್ನಡಿ ಮುಂದೆ ಕೂತುಕೊಳ್ಳಿ. ಎರಡೂ ಕೈಯ ತೋರುಬೆರಳನ್ನು ಕಿವಿಯ ಸ್ವಲ್ಪ ಮುಂದೆ ಹಗುರವಾಗಿ ಇಡಿ. ನಿಧಾನಕ್ಕೆ ಬಾಯಿ ತೆರೆಯಿರಿ. ಮೊದಲು ಬೆರಳಿನಡಿ ಏನೋ ತಿರುಗಿದ ಹಾಗಾಗುತ್ತದೆ. ಇನ್ನೂ ತೆರೆದರೆ ಒಂದು ಸಣ್ಣ ಗುಬುಟು ಮುಂದಕ್ಕೆ ಜಾರಿ, ಬೆರಳಿನ ಕೆಳಗೆ ಪುಟ್ಟ ಗುಳಿ ಬೀಳುತ್ತದೆ. ಆ ಗುಬುಟೇ ಕೆಳದವಡೆಯ ಎಲುಬಿನ ತುದಿ. ಬಾಗಿಲ ತಿರುಗಣಿಯ ಹಾಗೆ ಇದು ಬರೀ ತಿರುಗುವುದಿಲ್ಲ, ತಿರುಗಿ ಆಮೇಲೆ ಜಾರುತ್ತದೆ. ಎಲುಬುಗಳ ನಡುವೆ ಒಂದು ಮೆತ್ತನೆಯ ಬಿಲ್ಲೆ ಇರುತ್ತದೆ, ಅದೂ ಜೊತೆಗೇ ಮುಂದೆ ಬರಬೇಕು. ಬಿಲ್ಲೆ ಹಿಂದೆಮುಂದೆ ಆಗಿ ಮತ್ತೆ ಜಾಗಕ್ಕೆ ಕೂತಾಗಲೇ ‘ಟಕ್’ ಅನ್ನುವ ಸದ್ದು ಬರುವುದು.

ಈ ಸದ್ದಿನ ಬಗ್ಗೆ ಜನ ಸುಮ್ನೆ ಹೆದರುತ್ತಾರೆ. ನೋವಿಲ್ಲದೆ, ಬಾಯಿ ಪೂರ್ತಿ ತೆರೆಯುತ್ತಿದ್ದರೆ ಬರೀ ಸದ್ದಿಗೆ ಚಿಕಿತ್ಸೆ ಬೇಕಿಲ್ಲ. ಆದರೆ ಮೊದಲು ಟಕ್ ಅನ್ನುತ್ತಿದ್ದ ದವಡೆ ಒಂದು ದಿನ ಸದ್ದು ನಿಲ್ಲಿಸಿ, ಬಾಯಿಯೂ ಅರ್ಧಕ್ಕೇ ನಿಂತರೆ ಖುಷಿಪಡಬೇಡಿ. ಬಿಲ್ಲೆ ವಾಪಸ್ ಜಾಗಕ್ಕೆ ಬರುತ್ತಿಲ್ಲ ಅಂತ ಅದರ ಅರ್ಥ. ಬೇಗ ತೋರಿಸಿಕೊಳ್ಳಿ.

ಈಗ ಅಳತೆ. ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಮುಂದಿನ ಹಲ್ಲುಗಳ ನಡುವೆ ಹಿಡಿಸುತ್ತವೆಯೇ ನೋಡಿ. ದೊಡ್ಡವರಲ್ಲಿ ಸಾಮಾನ್ಯವಾಗಿ ಬಾಯಿ 40ರಿಂದ 50 ಮಿಲಿಮೀಟರ್ ತೆರೆಯುತ್ತದೆ. ಎರಡೇ ಬೆರಳು ಹಿಡಿಸಿದರೆ ಕಡಿಮೆ ಅಂತ ಲೆಕ್ಕ. ಬಲವಂತ ಮಾಡಬೇಡಿ. ಗದ್ದ ನೇರ ಕೆಳಗಿಳಿಯುತ್ತದೋ, ಒಂದು ಪಕ್ಕಕ್ಕೆ ವಾಲುತ್ತದೋ ಕನ್ನಡಿಯಲ್ಲಿ ಗಮನಿಸಿ. ಕಂಡದ್ದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ವಾರ ಬಿಟ್ಟು ಹೋಲಿಸಿ ನೋಡಲು ಬೇಕಾಗುತ್ತದೆ.

ದವಡೆಗೆ ರೆಸ್ಟ್ ಕೊಡುವುದು

ನನ್ನ ಪ್ರಕಾರ ಇಡೀ ಚಿಕಿತ್ಸೆಯಲ್ಲಿ ಇದೇ ಮುಖ್ಯ. ಉಳಿದದ್ದೆಲ್ಲ ಇದರ ಹಿಂದೆ.

ಈ ಕ್ಷಣ ನಿಮ್ಮ ಹಲ್ಲುಗಳು ಒಂದಕ್ಕೊಂದು ತಾಗಿವೆಯೇ? ತಾಗಿದ್ದರೆ ದವಡೆ ಕೆಲಸ ಮಾಡುತ್ತಿದೆ ಅಂತ ಅರ್ಥ. ಹಲ್ಲು ಸೇರಬೇಕಾದದ್ದು ಅಗಿಯುವಾಗ, ನುಂಗುವಾಗ, ಅಷ್ಟೇ. ಮಿಕ್ಕ ಹೊತ್ತು ತುಟಿ ಮುಚ್ಚಿರಬೇಕು, ಒಳಗೆ ಹಲ್ಲುಗಳ ನಡುವೆ ಒಂದಿಷ್ಟು ಸಂದಿ ಇರಬೇಕು. ತುಂಬ ಜನ ಕಂಪ್ಯೂಟರ್ ಮುಂದೆ, ಗಾಡಿ ಓಡಿಸುವಾಗ, ಭಾರ ಎತ್ತುವಾಗ, ಸಿಟ್ಟು ನುಂಗಿಕೊಂಡಾಗ ಗೊತ್ತಿಲ್ಲದೆ ಹಲ್ಲು ಕಚ್ಚಿಕೊಂಡಿರುತ್ತಾರೆ. ಜೋರಾಗಿ ಕಚ್ಚಬೇಕೆಂದೇನಿಲ್ಲ. ಮೆಲ್ಲಗೆ ತಾಗಿಸಿಟ್ಟುಕೊಂಡರೂ ಗಂಟೆಗಟ್ಟಲೆ ಆದಾಗ ಕೆನ್ನೆಯ ಸ್ನಾಯು ಸಾಯಂಕಾಲದ ಹೊತ್ತಿಗೆ ಸೋತು ನೋಯುತ್ತದೆ.

ಸರಿಯಾದ ಭಂಗಿ ಹಿಡಿಯಲು ಸುಲಭದ ದಾರಿ: ಬಾಯಲ್ಲಿ ‘ನ’ ಅಂತ ಹೇಳಿ. ನಾಲಿಗೆಯ ತುದಿ ಮೇಲಿನ ಮುಂದಿನ ಹಲ್ಲುಗಳ ಹಿಂದೆ ಅಂಗುಳಕ್ಕೆ ತಾಗುತ್ತದೆ, ಹಲ್ಲುಗಳು ತಾವೇ ಬಿಡಿಸಿಕೊಳ್ಳುತ್ತವೆ. ನಾಲಿಗೆಯನ್ನು ಅಲ್ಲೇ ಹಗುರವಾಗಿ ಬಿಟ್ಟು ತುಟಿ ಮುಚ್ಚಿ, ಮೂಗಿನಿಂದ ಉಸಿರಾಡಿ. ಭುಜ ಕೆಳಗೆ ಇಳಿಯಲಿ.

ಮರೆತುಹೋಗುತ್ತದೆ, ಅಲ್ವಾ? ಅದಕ್ಕೇ ಒಂದು ಗುರುತು ಬೇಕು. ಕಂಪ್ಯೂಟರ್ ಪರದೆಯ ಮೂಲೆಗೆ ಒಂದು ಬಣ್ಣದ ಚುಕ್ಕಿ, ಫೋನಿನ ಹಿಂದೆ ಇನ್ನೊಂದು. ಕಣ್ಣಿಗೆ ಬಿದ್ದಾಗಲೆಲ್ಲ ಹಲ್ಲು ತಾಗಿದೆಯಾ ನೋಡಿಕೊಳ್ಳಿ, ತಾಗಿದ್ದರೆ ಬಿಡಿಸಿ. ಉಗುರು ಕಡಿಯುವುದು, ಪೆನ್ನು ಕಚ್ಚುವುದು, ಚೂಯಿಂಗ್ ಗಮ್, ಗದ್ದಕ್ಕೆ ಕೈ ಊರಿ ಕೂರುವುದು, ಕಿವಿಗೂ ಭುಜಕ್ಕೂ ನಡುವೆ ಫೋನ್ ಸಿಕ್ಕಿಸಿ ಮಾತಾಡುವುದು, ಇವಕ್ಕೆಲ್ಲ ಸದ್ಯಕ್ಕೆ ರಜೆ.

ಶಾಖ, ಆಮೇಲೆ ಮಾಲೀಶು

ಹಳೆಯ, ಬಿಗಿದುಕೊಂಡ ನೋವಿಗೆ ಬಿಸಿ ಶಾಖ ಹಿತ. ಒಂದು ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಚರ್ಮ ತಡೆಯುವಷ್ಟು ಬಿಸಿ ಇರುವಾಗ ಕೆನ್ನೆಗೆ 15 ನಿಮಿಷ ಹಿಡಿಯಿರಿ. ನಿನ್ನೆ ಮೊನ್ನೆ ಹೊಸದಾಗಿ ಶುರುವಾದ ಚುಚ್ಚುವ ನೋವಾದರೆ ಐಸ್ ಅನ್ನು ಬಟ್ಟೆಯಲ್ಲಿ ಸುತ್ತಿ 10 ನಿಮಿಷ ಇಡಬಹುದು. ಯಾವುದರಿಂದ ನಿಮಗೆ ಆರಾಮ ಅನಿಸುತ್ತದೋ ಅದೇ ಸರಿ.

ಶಾಖದ ನಂತರ ಸ್ನಾಯು ಸಡಿಲವಾಗಿರುತ್ತದೆ. ಒಮ್ಮೆ ಹಲ್ಲು ಕಚ್ಚಿ ನೋಡಿ. ಕೆನ್ನೆಯ ಹಿಂಭಾಗದಲ್ಲಿ ಗಟ್ಟಿಯಾಗಿ ಉಬ್ಬುವುದೇ ಮ್ಯಾಸೆಟರ್ ಸ್ನಾಯು. ಕಣತಲೆಯಲ್ಲಿ ಅಲುಗುವುದು ಟೆಂಪೊರಾಲಿಸ್. ದವಡೆಯ ಸ್ನಾಯು ಬಿಗಿದರೆ ತಲೆನೋವು ಏಕೆ ಬರುತ್ತದೆ ಅನ್ನುವುದು ಇದರಿಂದಲೇ ತಿಳಿಯುತ್ತದೆ. ಈಗ ಹಲ್ಲು ಬಿಡಿಸಿ, ಎರಡು ಬೆರಳಿನಿಂದ ಆ ಜಾಗಗಳಲ್ಲಿ ಸಣ್ಣ ಸಣ್ಣ ಸುತ್ತು ಹಾಕುತ್ತಾ ಒತ್ತಿ. ನೋವಿನ ಗಂಟು ಸಿಕ್ಕರೆ ಅಲ್ಲಿ ಕೆಲವು ಸೆಕೆಂಡ್ ಒತ್ತಿ ಹಿಡಿದು ಬಿಡಿ. ಒಂದೊಂದು ಪಕ್ಕಕ್ಕೆ ಒಂದೆರಡು ನಿಮಿಷ ಸಾಕು. ಜೋರಾಗಿ ಉಜ್ಜಿದರೆ ಬೇಗ ವಾಸಿಯಾಗುತ್ತದೆ ಅನ್ನುವುದು ತಪ್ಪು, ಮಾರನೇ ದಿನ ಇನ್ನೂ ನೋಯುತ್ತದೆ.

ವ್ಯಾಯಾಮ: ಕಡಿಮೆ ಸಲ, ಮೇಲಿಂದ ಮೇಲೆ

ಚಿಲಿ ದೇಶದ ಫಿಸಿಯೋಥೆರಪಿಸ್ಟ್ ಮರಿಯಾನೊ ರೊಕಬಾಡೊ ಅವರ ‘6×6’ ಕ್ರಮ ಫಿಸಿಯೋಥೆರಪಿಯಲ್ಲಿ ಹೆಸರುವಾಸಿ. 6 ವ್ಯಾಯಾಮ, ಒಂದೊಂದೂ 6 ಸಲ, ದಿನಕ್ಕೆ 6 ಬಾರಿ. ಇದರ ಜಾಣತನ ಇರುವುದು ಅಂಕಿಯಲ್ಲಿ ಅಲ್ಲ, ಹಂಚಿಕೆಯಲ್ಲಿ. ರಾತ್ರಿ ಒಂದೇ ಸಲ ಅರ್ಧ ಗಂಟೆ ದವಡೆಯನ್ನು ಹಿಂಸಿಸುವ ಬದಲು, ದಿನದಲ್ಲಿ ಆರು ಸಲ ಒಂದೆರಡು ನಿಮಿಷ. ಮನೆಯಲ್ಲಿ ಶುರು ಮಾಡಲು ಈ ಮೂರು ಸಾಕು.

ಒಂದು: ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿಟ್ಟುಕೊಂಡೇ ಬಾಯಿ ತೆರೆದು ಮುಚ್ಚಿ. ನಾಲಿಗೆ ಬಿಡದಿದ್ದರೆ ಬಾಯಿ ಪೂರ್ತಿ ತೆರೆಯುವುದಿಲ್ಲ. ಕೀಲು ಜಾರದೆ ಬರೀ ತಿರುಗಲಿ ಅನ್ನುವುದೇ ಇಲ್ಲಿನ ಉದ್ದೇಶ. ಕನ್ನಡಿ ನೋಡುತ್ತಾ ಗದ್ದ ನೇರ ಇಳಿಯುವಂತೆ ಮಾಡಿ. 6 ಸಲ.

ಎರಡು: ಅದೇ ಭಂಗಿಯಲ್ಲಿ ಗದ್ದದ ಕೆಳಗೆ ಎರಡು ಬೆರಳಿಟ್ಟು, ಬಾಯಿ ತೆರೆಯಲು ಹೋಗಿ, ಆದರೆ ತೆರೆಯದಂತೆ ಬೆರಳು ತಡೆಯಬೇಕು. ಆಮೇಲೆ ಗದ್ದದ ಬಲಕ್ಕೆ, ಎಡಕ್ಕೆ ಬೆರಳಿಟ್ಟು ಹಾಗೇ ತಳ್ಳಿ. ದವಡೆ ಒಂದಿಷ್ಟೂ ಅಲುಗಬಾರದು, ಒತ್ತಡ ಹಗುರವಾಗಿರಬೇಕು. ಒಂದೊಂದು ಕಡೆಗೂ 5-6 ಸೆಕೆಂಡ್.

ಮೂರು: ಇದು ಕತ್ತಿನದು. ನೇರ ಕೂತು, ತಲೆ ಬಗ್ಗಿಸದೆ ಗದ್ದವನ್ನು ಹಿಂದಕ್ಕೆ ಎಳೆದುಕೊಳ್ಳಿ, ಕತ್ತಿನ ಹಿಂಭಾಗ ಉದ್ದವಾದಂತೆ ಅನಿಸಬೇಕು. ಜೋಡಿಗದ್ದ ಕಾಣುತ್ತದೆ, ಕಾಣಲಿ ಬಿಡಿ. ತಲೆ ಮುಂದಕ್ಕೆ ಚಾಚಿ ಫೋನ್ ನೋಡುವಾಗ ಗದ್ದದಡಿಯ ಸ್ನಾಯುಗಳು ಕೆಳದವಡೆಯನ್ನು ಹಿಂದಕ್ಕೆ ಜಗ್ಗುತ್ತವೆ. ಬಾಯಿ ಮುಚ್ಚಿಡಲು ಮೇಲಿನ ಸ್ನಾಯುಗಳು ಎದುರು ಎಳೆಯಬೇಕಾಗುತ್ತದೆ. ಕತ್ತು ಸರಿಮಾಡದೆ ದವಡೆಗೆ ಮಾತ್ರ ಉಪಚಾರ ಮಾಡಿದರೆ ಕೆಲಸ ಅರ್ಧಕ್ಕೇ ನಿಲ್ಲುವುದು ಇದಕ್ಕೇ.

ಎಷ್ಟು ನೋವು ಸಹಿಸಬಹುದು?

ಈ ಲೆಕ್ಕ ದವಡೆಗೆ ಮಾತ್ರವಲ್ಲ, ಮಂಡಿ, ಭುಜ, ಸೊಂಟ ಎಲ್ಲಕ್ಕೂ ಹೊಂದುತ್ತದೆ. ನೋವಿಗೆ 0ಯಿಂದ 10ರವರೆಗೆ ಅಂಕ ಕೊಡಿ. ವ್ಯಾಯಾಮ ಮಾಡುವಾಗ 3ರ ಒಳಗಿದ್ದು, ಮಾರನೇ ದಿನ ಬೆಳಿಗ್ಗೆಗೆ ಮೊದಲಿದ್ದ ಮಟ್ಟಕ್ಕೆ ಇಳಿದರೆ ಮುಂದುವರಿಸಿ. ಅದಕ್ಕಿಂತ ಜಾಸ್ತಿಯಾದರೆ ಎಷ್ಟು ಸಲ ವ್ಯಾಯಾಮ ಮಾಡುತ್ತೀರೋ ಅದನ್ನು ಅರ್ಧಕ್ಕೆ ಇಳಿಸಿ. ಪೂರ್ತಿ ನಿಲ್ಲಿಸುವುದು ಬೇಡ. ಹೊಸ ವ್ಯಾಯಾಮದ ನಂತರ ಒಂದರಿಂದ ಮೂರು ದಿನ ಮೈಕೈ ನೋಯುವುದು ಸ್ನಾಯುವಿನ ಸಹಜ ಗುಣ. ಕೀಲು ಊದಿಕೊಂಡರೆ, ರಾತ್ರಿ ನಿದ್ದೆ ಕೆಡಿಸುವ ನೋವು ಬಂದರೆ ಮಾತ್ರ ಅದು ಸಹಜವಲ್ಲ.

ಮಂಡಿ ಸವೆದಿದೆ ಅಂದಾಕ್ಷಣ ನಡೆಯುವುದನ್ನೇ ಬಿಟ್ಟುಬಿಡುವವರಿಗೂ ಇದೇ ಮಾತು. ತೊಡೆಯ ಮುಂಭಾಗದ ಸ್ನಾಯು ಸೊರಗಿದಷ್ಟೂ ಮಂಡಿಯ ಮೇಲಿನ ಭಾರ ಹೆಚ್ಚುತ್ತದೆ. ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರ ಚಾಚಿ, ತೊಡೆ ಬಿಗಿಹಿಡಿದು 5 ಸೆಕೆಂಡ್ ನಿಲ್ಲಿಸುವುದರಿಂದ ಶುರು ಮಾಡಬಹುದು. ಸ್ನಾಯುವಿಗೆ ಬಲ ಬರಲು ಕೆಲವು ವಾರಗಳೇ ಬೇಕು, ನಾಲ್ಕು ದಿನಕ್ಕೆ ಕೈಬಿಡಬೇಡಿ.

ಊಟ, ಆಕಳಿಕೆ, ನಿದ್ದೆ

ನೋವು ಜೋರಾಗಿರುವ ಮೊದಲ ವಾರ ಮೆತ್ತಗಿನದ್ದನ್ನೇ ತಿನ್ನಿ. ತುತ್ತು ಚಿಕ್ಕದಿರಲಿ, ಎರಡೂ ಕಡೆ ಅಗಿಯಿರಿ. ಗಟ್ಟಿಯಾದದ್ದನ್ನು ಮುಂದಿನ ಹಲ್ಲಿನಿಂದ ಕಚ್ಚಿ ಎಳೆಯುವ ಬದಲು ಹೆಚ್ಚಿಕೊಂಡು ತಿನ್ನಿ. ನೋವು ಇಳಿಯುತ್ತಿದ್ದಂತೆ ಮಾಮೂಲಿ ಊಟಕ್ಕೆ ಮರಳಿ. ತಿಂಗಳುಗಟ್ಟಲೆ ಗಂಜಿಯಂಥದ್ದರಲ್ಲೇ ಇದ್ದರೆ ದವಡೆ ಸ್ನಾಯು ಇನ್ನೂ ಸೋಲುತ್ತದೆ.

ಆಕಳಿಕೆ ಬಂದಾಗ ಗದ್ದದ ಕೆಳಗೆ ಮುಷ್ಟಿ ಒತ್ತಿ, ನಾಲಿಗೆಯನ್ನು ಅಂಗುಳಕ್ಕೆ ಏರಿಸಿ. ಬಾಯಿ ತೀರಾ ಅಗಲವಾಗಿ ತೆರೆಯುವುದು ತಪ್ಪುತ್ತದೆ. ಬೋರಲು ಮಲಗಬೇಡಿ, ದವಡೆ ರಾತ್ರಿಯಿಡೀ ದಿಂಬಿಗೆ ಒತ್ತಿರುತ್ತದೆ.

ಫಿಸಿಯೋಥೆರಪಿಸ್ಟ್ ಹತ್ತಿರ ಯಾವಾಗ?

ಎರಡು ಮೂರು ವಾರ ಸರಿಯಾಗಿ ಮಾಡಿಯೂ ಏನೂ ಬದಲಾಗದಿದ್ದರೆ, ಬಾಯಿ ಎರಡು ಬೆರಳಿಗಿಂತ ಕಡಿಮೆ ತೆರೆಯುತ್ತಿದ್ದರೆ ಹೋಗಿ. ದವಡೆ ನೋವು ನೋಡಿ ಅಭ್ಯಾಸ ಇದೆಯೇ ಅಂತ ಮೊದಲೇ ಕೇಳಿಕೊಳ್ಳಿ, ಎಲ್ಲರಿಗೂ ಇರುವುದಿಲ್ಲ. ಅವರು ದವಡೆ, ಕತ್ತು ಎರಡನ್ನೂ ಪರೀಕ್ಷಿಸುತ್ತಾರೆ. ಕೈಗವಸು ಹಾಕಿ, ಬಾಯೊಳಗೆ ಕೆಳಗಿನ ದವಡೆಹಲ್ಲಿನ ಮೇಲೆ ಹೆಬ್ಬೆರಳಿಟ್ಟು ಕೀಲನ್ನು ಮೆಲ್ಲಗೆ ಕೆಳಕ್ಕೆ, ಮುಂದಕ್ಕೆ ಸಡಿಲಿಸುವುದೂ ಚಿಕಿತ್ಸೆಯ ಭಾಗ. ಬೇಡ ಅನಿಸಿದಾಗ ಕೈ ಎತ್ತಿ, ನಿಲ್ಲಿಸುತ್ತಾರೆ. ಹಿಂದೆ ಬರೆದಿಟ್ಟ ಚೀಟಿಯನ್ನು ತೋರಿಸಿ. ಬೆಳಿಗ್ಗೆ ಏಳುವಾಗಲೇ ನೋವಿದ್ದರೆ ತಪ್ಪದೆ ಹೇಳಿ, ನಿದ್ದೆಯಲ್ಲಿ ಹಲ್ಲು ಕಡಿಯುತ್ತಿರಬಹುದು. ಹಲ್ಲು ಸವೆಯದಂತೆ ರಾತ್ರಿ ಹಾಕುವ ಗಾರ್ಡ್ ಬೇಕೇ ಅನ್ನುವುದನ್ನು ಹಲ್ಲಿನ ಡಾಕ್ಟರು ನಿರ್ಧರಿಸುತ್ತಾರೆ.

ಬಹುಕಾಲದ ದವಡೆ ನೋವಿನ ಬಗ್ಗೆ ವೈದ್ಯಕೀಯ ಪತ್ರಿಕೆ ಬಿಎಂಜೆ 2023ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಕೂಡ ದವಡೆ ವ್ಯಾಯಾಮ, ಭಂಗಿ ತಿದ್ದುವುದು, ಸ್ನಾಯುವಿನ ಗಂಟುಗಳನ್ನು ಕೈಯಿಂದ ಬಿಡಿಸುವುದು, ನೋವನ್ನು ನಿಭಾಯಿಸಲು ಕಲಿಸುವ ಆಪ್ತಸಮಾಲೋಚನೆ, ಇಂಥವನ್ನೇ ಮುಂದಿಟ್ಟಿದೆ. ಆದ್ದರಿಂದ ಮೊದಲ ಭೇಟಿಯಲ್ಲೇ ಹಲ್ಲು ತೇಯ್ದು ಸರಿಮಾಡೋಣ ಅಥವಾ ಆಪರೇಷನ್ ಮಾಡಿಸೋಣ ಅಂತ ಯಾರಾದರೂ ಹೇಳಿದರೆ, ಒಪ್ಪುವ ಮುಂಚೆ ಇನ್ನೊಬ್ಬ ತಜ್ಞರನ್ನು ಕೇಳಿ. ತೇಯ್ದ ಹಲ್ಲು ವಾಪಸ್ ಬರುವುದಿಲ್ಲ.