ದೇವಿಮನೆ ಘಟ್ಟದಲ್ಲಿ ಕೈಕೊಟ್ಟ ನನ್ನ ಉದಾಹರಣೆ

ಕುಮಟಾದಲ್ಲಿ ಬಿಎಸ್ಸಿ ಮಕ್ಕಳಿಗೆ ಪಾಠ ಮಾಡುತ್ತೇನೆ. ಮನೆ ಶಿರಸಿಯಲ್ಲಿ. ಹಾಗಾಗಿ ನನ್ನ ಉದಾಹರಣೆಗಳೆಲ್ಲ ಹುಟ್ಟುವುದು ದೇವಿಮನೆ ಘಟ್ಟದ ಬಸ್ಸಿನಲ್ಲೇ.

ರೋಗದ ವಿರುದ್ಧ ಕಾದಾಡುವ ಬಿಳಿ ರಕ್ತಕಣಗಳಲ್ಲಿ ಒಂದಾದ ನ್ಯಾಚುರಲ್ ಕಿಲ್ಲರ್ ಅಂದರೆ ಎನ್‌ಕೆ ಕೋಶ ಕ್ಯಾನ್ಸರ್ ಕೋಶವನ್ನು ಗುರುತಿಸುವುದು ಹೇಗೆ? ನಮ್ಮ ಹೆಚ್ಚಿನ ಕೋಶಗಳ ಮೈಮೇಲೆ ಎಚ್‌ಎಲ್‌ಎ ಎಂಬ ಪ್ರೋಟೀನ್ ಇರುತ್ತದೆ. ಅದು ಸಿಕ್ಕರೆ ಎನ್‌ಕೆ ಕೋಶಕ್ಕೆ ಬ್ರೇಕ್ ಬೀಳುತ್ತದೆ, ಸುಮ್ನೆ ಮುಂದೆ ಹೋಗುತ್ತದೆ. ಎಷ್ಟೋ ಕ್ಯಾನ್ಸರ್ ಕೋಶಗಳು ಟಿ ಕೋಶಗಳೆಂಬ ಇನ್ನೊಂದು ಕಾವಲುಪಡೆಯ ಕಣ್ಣಿಗೆ ಬೀಳದಂತೆ ಈ ಎಚ್‌ಎಲ್‌ಎಯನ್ನೇ ಕಳಚಿಕೊಳ್ಳುತ್ತವೆ. ಆಗ ಬ್ರೇಕ್ ಹೋಯಿತು. ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯವರು 1986ರಲ್ಲಿ ಇಲಿಗಳಲ್ಲಿ ತೋರಿಸಿದ್ದು ಇದನ್ನೇ. ಬ್ರೇಕ್ ಬಿಟ್ಟ ಬಸ್ಸು ಘಟ್ಟ ಇಳಿದ ಹಾಗೆ ಅಂತ ಎರಡು ವರ್ಷ ಹೇಳಿದೆ. ಮಕ್ಕಳು ನಗುತ್ತಿದ್ದರು, ಪಾಠ ಮುಗಿಯುತ್ತಿತ್ತು.

ಮೂರನೇ ವರ್ಷ ಅಂಕೋಲೆಯ ಹುಡುಗಿಯೊಬ್ಬಳು ಎದ್ದು ನಿಂತಳು. “ಮೇಡಂ, ಕೆಂಪು ರಕ್ತಕಣದ ಮೇಲೆ ಎಚ್‌ಎಲ್‌ಎ ಇಲ್ಲ ಅನ್ನುವಷ್ಟು ಕಮ್ಮಿ ಅಂತ ನೀವೇ ಹೇಳಿದ್ರಿ. ಮತ್ತೆ ಅದನ್ನ ಯಾಕೆ ಕೊಲ್ಲೋದಿಲ್ಲ?”

ಗಡಿಯಾರ ನೋಡಿದೆ. ಇನ್ನೂ ಇಪ್ಪತ್ತು ನಿಮಿಷ ಇತ್ತು.

ತಪ್ಪಿದ್ದು ನನ್ನ ಘಟ್ಟದಲ್ಲಿ. ಇಳಿಜಾರಿನಲ್ಲಿ ಬ್ರೇಕ್ ಬಿಟ್ಟರೆ ಸಾಕು, ಗಾಡಿ ಓಡುತ್ತದೆ. ಎನ್‌ಕೆ ಕೋಶ ನಿಂತಿರುವುದು ಕಾರವಾರದ ಕಡಲಬದಿಯಂಥ ಸಪಾಟು ರಸ್ತೆಯಲ್ಲಿ. ಬ್ರೇಕ್ ಬಿಟ್ಟ ಮೇಲೆ ಆಕ್ಸಿಲರೇಟರನ್ನೂ ಒತ್ತಬೇಕು. ಡಿಎನ್‌ಎ ಹಾಳಾಗಿ ಕೆಟ್ಟ ಕೋಶದ ಮೈಮೇಲೆ ಮೈಕಾ ಎಂಬ ಪ್ರೋಟೀನ್ ಏಳುತ್ತದೆ (ಕಾಗೆಬಂಗಾರ ಅಲ್ಲ, ಹೆಸರಷ್ಟೇ ಒಂದು). ಎನ್‌ಕೆ ಕೋಶದ ಎನ್‌ಕೆಜಿ2ಡಿ ಎಂಬ ರಿಸೆಪ್ಟರ್ (ಗುರುತು ಹಿಡಿಯುವ ಪ್ರೋಟೀನ್) ಅದನ್ನು ಹಿಡಿದರೆ ಆಕ್ಸಿಲರೇಟರ್ ಒತ್ತಿದಂತೆ. ಆಮೇಲೆ ಅದು ಬಿಡುವ ಪರ್ಫೋರಿನ್ ಎಂಬ ಪ್ರೋಟೀನ್ ಕೆಟ್ಟ ಕೋಶಕ್ಕೆ ತೂತು ಕೊರೆಯುತ್ತದೆ, ಗ್ರಾಂಜೈಮ್ ಎಂಬ ಕಿಣ್ವ ಒಳಹೊಕ್ಕು ಕೋಶ ತನ್ನನ್ನು ತಾನೇ ಕೊಂದುಕೊಳ್ಳುವಂತೆ ಮಾಡುತ್ತದೆ. ಕೆಂಪು ರಕ್ತಕಣ ಆಕ್ಸಿಲರೇಟರ್ ಒತ್ತುವುದಿಲ್ಲ. ಅದಕ್ಕೇ ಬದುಕುತ್ತದೆ. ಕ್ಯಾನ್ಸರ್ ಏನು ಕಮ್ಮಿಯಲ್ಲ, ಮೈಕಾವನ್ನೇ ಕತ್ತರಿಸಿ ರಕ್ತಕ್ಕೆ ಬಿಟ್ಟು ತಪ್ಪಿಸಿಕೊಳ್ಳುವುದೂ ಉಂಟು.

ಈಗ ಬಸ್ಸಿನ ಕತೆಗೆ ಮೊದಲೇ ಬೋರ್ಡಿನ ಮೇಲೆ ನಾಲ್ಕು ಕೋಶ ಬರೆಯುತ್ತೇನೆ. ಒಳ್ಳೆಯ ಕೋಶ, ಕೆಂಪು ರಕ್ತಕಣ, ಕೆ562. ಈ ಕೆ562 ಲ್ಯಾಬಿನಲ್ಲಿ ಬೆಳೆಸುವ ರಕ್ತ ಕ್ಯಾನ್ಸರ್ ಕೋಶ. ಎಚ್‌ಎಲ್‌ಎ ಹೆಚ್ಚುಕಮ್ಮಿ ಇಲ್ಲ, ಆಕ್ಸಿಲರೇಟರ್ ಒತ್ತುವ ಗುರುತು ಉಂಟು. ಎನ್‌ಕೆ ಕೋಶದ ಜೊತೆ ನಾಲ್ಕು ತಾಸು ಬಿಟ್ಟರೆ ಸತ್ತ ಕೋಶಗಳನ್ನು ಎಣಿಸಬಹುದು. ಯಾವುದಕ್ಕೆ ಬ್ರೇಕ್, ಯಾವುದಕ್ಕೆ ಆಕ್ಸಿಲರೇಟರ್ ಅಂತ ಮಕ್ಕಳೇ ಬಂದು ಬರೆಯಬೇಕು.

ನಾಲ್ಕನೆಯದಕ್ಕೆ ಎರಡೂ ಕೊಟ್ಟಿರುತ್ತೇನೆ. ಜಗಳ ಶುರುವಾಗುವುದೇ ಅಲ್ಲಿ. ಎರಡರಲ್ಲಿ ಯಾವುದರ ಒತ್ತು ಜಾಸ್ತಿಯೋ ಅದೇ ಗೆಲ್ಲುತ್ತದೆ ಅಂತ ನಾನು ಹೇಳುವುದು ಬೆಲ್ ಹೊಡೆದ ಮೇಲೆ.