ಕೆಮ್ಮು ನನ್ನದಲ್ಲ, ಮಾತ್ರೆಯದು

ಮೂರು ತಿಂಗಳು ಕೆಮ್ಮಿದ್ದೇನೆ ನಾನು. ಕಫ ಇಲ್ಲ, ಜ್ವರ ಇಲ್ಲ. ಗಂಟಲಿನಲ್ಲಿ ಯಾರೋ ಗರಿ ಆಡಿಸಿದ ಹಾಗೆ ಒಂದೇ ಸಮ ಕೆರೆತ. ರಾತ್ರಿ ಮಲಗಿದರೆ ಇನ್ನೂ ಜಾಸ್ತಿ. ಎರಡು ಬಾಟಲಿ ಸಿರಪ್ ಖಾಲಿ ಮಾಡಿದೆ. ಸಿರಪ್ ಕುಡಿದರೆ ಹಗಲೆಲ್ಲ ತೂಕಡಿಕೆ, ಬಾಯಿ ಒಣಗುವುದು, ಮೇಲಿಂದ ಮಲಬದ್ಧತೆ. ಮಲಬದ್ಧತೆಗೆ ಒಂದು ಪುಡಿ ತಂದೆ. ಸಾಲದ್ದಕ್ಕೆ ಬಾಯಲ್ಲಿ ದಿನವಿಡೀ ಜೇಷ್ಠಮಧು ಬೇರೆ. ಅದು ಜಾಸ್ತಿಯಾದರೆ ಬಿಪಿ ಏರುತ್ತದೆ ಅಂತ ಆಗ ಗೊತ್ತಿರಲಿಲ್ಲ. ಬಿಪಿ ಇರುವವಳೇ ನಾನು!

ಮೂರನೇ ಬಾಟಲಿ ತರಲು ಹೋದಾಗ ಔಷಧಿ ಅಂಗಡಿಯ ಹುಡುಗಿ ಕೇಳಿದಳು, "ಅಮ್ಮಾ, ಬೇರೆ ಏನು ಮಾತ್ರೆ ತಗೋತೀರಿ?" ಬಿಪಿಗೆ ಎನಾಲಪ್ರಿಲ್ ಅಂದೆ. "ಸಿರಪ್ ಇರಲಿ, ಮೊದಲು ಡಾಕ್ಟರಿಗೆ ಈ ಕೆಮ್ಮಿನ ವಿಷಯ ಹೇಳಿ," ಅಂದಳು. ಎನಾಲಪ್ರಿಲ್, ರಾಮಿಪ್ರಿಲ್, ಲಿಸಿನೊಪ್ರಿಲ್, ಹೀಗೆ 'ಪ್ರಿಲ್' ಅಂತ ಮುಗಿಯುವ ಮಾತ್ರೆಗಳಿಗೆ ಒಣಕೆಮ್ಮು ತರುವ ಗುಣ ಇದೆ. ಎಲ್ಲರಿಗೂ ಬರುವುದಿಲ್ಲ. ಬಂದವರಿಗೆ ಸಿರಪ್ಪಿಗೆಲ್ಲ ಬಗ್ಗುವುದಿಲ್ಲ. ಡಾಕ್ಟರು ಅದನ್ನು ನಿಲ್ಲಿಸಿ ಲೋಸಾರ್ಟಾನ್ ಬರೆದುಕೊಟ್ಟರು. ಮೂರು ವಾರದೊಳಗೆ ಕೆಮ್ಮು ಹೋಯಿತು. ಕೆಮ್ಮಿನ ಹಿಂದೆಯೇ ಸಿರಪ್ಪು, ಪುಡಿ, ತೂಕಡಿಕೆ ಎಲ್ಲವೂ ಹೋದವು.

ಅವತ್ತಿನಿಂದ ನನಗೊಂದು ಅಭ್ಯಾಸ. ಮೈಯಲ್ಲಿ ಏನಾದರೂ ಹೊಸದಾಗಿ ಶುರುವಾದರೆ, ಹೊಸ ಕಾಯಿಲೆ ಅಂದುಕೊಳ್ಳುವ ಮೊದಲು ಹಳೇ ಮಾತ್ರೆಯನ್ನು ಅನುಮಾನಿಸುತ್ತೇನೆ. ಇತ್ತೀಚೆಗೆ ಯಾವುದು ಹೊಸದಾಗಿ ಸೇರಿತು? ಯಾವುದರ ಪ್ರಮಾಣ ಹೆಚ್ಚಾಯಿತು? ಅನುಮಾನ ಪಡುತ್ತೇನೆ ಅಷ್ಟೇ, ಮಾತ್ರೆ ನಿಲ್ಲಿಸುವುದಿಲ್ಲ. ಈ ಎರಡನ್ನೂ ಒಂದೇ ಅಂದುಕೊಂಡವರು ತುಂಬಾ ಜನ ಇದ್ದಾರೆ.

ನಮ್ಮ ಯಜಮಾನರದೂ ಇದೇ ಕಥೆ. ಸಂಜೆಯಾದರೆ ಕಾಲಿನ ಹರಡು ಊದುತ್ತಿತ್ತು. ಚಪ್ಪಲಿ ಬಿಗಿಯಾಯಿತು ಅಂತ ದೊಡ್ಡ ಚಪ್ಪಲಿ ಕೊಂಡರು! ಅವರು ಬಿಪಿಗೆ ತಗೊಳ್ಳುತ್ತಿದ್ದದ್ದು ಅಮ್ಲೋಡಿಪಿನ್. ಅದು ರಕ್ತನಾಳಗಳನ್ನು ಸಡಿಲಿಸುತ್ತದೆ, ಸಣ್ಣ ನಾಳಗಳಿಂದ ನೀರು ಜಿನುಗಿ ಪಾದದಲ್ಲಿ ನಿಲ್ಲುತ್ತದೆ. ಮೈಯಲ್ಲಿ ನೀರು ಜಾಸ್ತಿಯಾಗಿ ಬಂದ ಊತ ಅಲ್ಲ ಅದು. ಹಾಗಾಗಿ ಮೂತ್ರ ಹೋಗಿಸುವ ಮಾತ್ರೆ ತಗೊಂಡರೂ ಹೆಚ್ಚು ಉಪಯೋಗವಿಲ್ಲ. ಪ್ರಮಾಣ ಕಡಿಮೆ ಮಾಡಿದ ಮೇಲೆ ಇಳಿಯಿತು. ಆದರೆ ಕಾಲು ಊದಿದ್ದೆಲ್ಲ ಮಾತ್ರೆಯದೇ ಅಂತ ಕೂರಬೇಡಿ. ಹೃದಯ, ಮೂತ್ರಪಿಂಡ ಕೆಟ್ಟರೂ ಕಾಲು ಊದುತ್ತದೆ. ಒಂದೇ ಕಾಲು ಊದಿ ನೋಯುತ್ತಿದ್ದರೆ, ಊತದ ಜೊತೆ ಉಸಿರು ಕಟ್ಟಿದರೆ ಅದೇ ದಿನ ತೋರಿಸಬೇಕು.

ಇನ್ನು ಪುಸ್ತಕದ ವಿಷಯ. ನಾನು ಒಂದು ಸಣ್ಣ ನೋಟ್ ಪುಸ್ತಕ ಇಟ್ಟಿದ್ದೇನೆ. ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಯಾವಾಗ ತಗೊಳ್ಳುತ್ತೇನೆ, ಯಾವ ತಾರೀಕಿನಿಂದ ಶುರು. ಎದುರು ಪುಟದಲ್ಲಿ ತೊಂದರೆಗಳು. ಡಾಕ್ಟರ ಎದುರು ಕೂತಾಗ "ತಲೆ ಸುತ್ತುತ್ತದೆ" ಅಂದರೆ ಅವರು ಪಾಪ ಎಲ್ಲಿಂದ ಹುಡುಕಬೇಕು? ತಲೆ ಸುತ್ತಲು ನೂರು ಕಾರಣ. "ಹೊಸ ಮಾತ್ರೆ ಶುರುವಾದ ನಾಲ್ಕನೇ ದಿನದಿಂದ, ಬೆಳಿಗ್ಗೆ ಎದ್ದು ನಿಂತ ಕೂಡಲೇ, ಎರಡು ನಿಮಿಷ" ಅಂತ ಬರೆದಿಟ್ಟದ್ದನ್ನು ಓದಿ ಹೇಳಿ. ಅರ್ಧ ಕೆಲಸ ಅಲ್ಲೇ ಮುಗಿಯಿತು. ನಾಚಿಕೆಯ ವಿಷಯವನ್ನೂ ಬರೆಯಿರಿ. ಬಿಪಿ ಮಾತ್ರೆಯಿಂದ, ಮನಸ್ಸಿನ ಕಾಯಿಲೆಯ ಮಾತ್ರೆಯಿಂದ ಗಂಡ ಹೆಂಡತಿಯ ನಡುವೆ ಆಸೆ ಕುಗ್ಗುವುದು ಸಾಮಾನ್ಯ. ಬಾಯಿ ಬಿಟ್ಟು ಹೇಳಲಾಗದೆ ಗುಟ್ಟಾಗಿ ಮಾತ್ರೆ ಬಿಡುವವರು ಎಷ್ಟೋ ಮಂದಿ. ಹೇಳಲು ಬಾಯಿ ಬಾರದಿದ್ದರೆ ಆ ಪುಟ ತೆಗೆದು ಮುಂದಿಡಿ, ಅವರೇ ಓದಿಕೊಳ್ಳುತ್ತಾರೆ.

ಸುಮಾರು ತೊಂದರೆಗಳು ಮಾತ್ರೆ ತಗೊಳ್ಳುವ ಹೊತ್ತು ಸರಿಯಿಲ್ಲದೆ ಬರುತ್ತವೆ. ಮೂತ್ರ ಹೋಗಿಸುವ ಮಾತ್ರೆಯನ್ನು ರಾತ್ರಿ ನುಂಗಿದರೆ ನಿದ್ದೆಗೆ ಎಳ್ಳುನೀರು. ಕತ್ತಲಲ್ಲಿ ಎದ್ದು ಓಡಾಡಿ ಬೀಳುವುದು ಬೇರೆ. ಅದು ಬೆಳಗಿನ ಮಾತ್ರೆ. ಪ್ರೆಡ್ನಿಸೊಲೋನ್ ಥರದ ಸ್ಟೀರಾಯ್ಡ್ ಕೂಡ ಸಾಮಾನ್ಯವಾಗಿ ಬೆಳಿಗ್ಗೆ, ಏನಾದರೂ ತಿಂದ ಮೇಲೆ. ಸಂಜೆ ತಗೊಂಡರೆ ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡೇ ಇರಬೇಕು. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ, ತಿಂಡಿ ಕಾಫಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇದ್ದರೆ ಅದಕ್ಕೂ ಇದಕ್ಕೂ 4 ಗಂಟೆ ಅಂತರ ಇರಲಿ, ಇಲ್ಲದಿದ್ದರೆ ಥೈರಾಯ್ಡ್ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್ ಇನ್ನೂ ಹಟಮಾರಿ. ಬೆಳಿಗ್ಗೆ ಖಾಲಿ ಹೊಟ್ಟೆಗೆ, ಒಂದು ದೊಡ್ಡ ಲೋಟ ಬರೀ ನೀರಿನ ಜೊತೆ ನುಂಗಬೇಕು. ಆಮೇಲೆ ಅರ್ಧ ಗಂಟೆ ಮಲಗಕೂಡದು, ಏನೂ ತಿನ್ನಕೂಡದು. ಅನ್ನನಾಳದಲ್ಲಿ ಅಂಟಿಕೊಂಡರೆ ಅಲ್ಲೇ ಹುಣ್ಣು ಮಾಡುತ್ತದೆ. ನನ್ನ ತಂಗಿ ಹಾಸಿಗೆಯಲ್ಲೇ ಒಂದು ಗುಟುಕು ನೀರಿನಲ್ಲಿ ನುಂಗಿ ಮತ್ತೆ ಮಗ್ಗುಲಾಗುತ್ತಿದ್ದಳು. ಎದೆಯುರಿ ಅಂತ ಎಷ್ಟು ದಿನ ಒದ್ದಾಡಿದಳೋ!

ಶುಗರಿನ ಮೆಟ್ಫಾರ್ಮಿನ್ ಶುರುವಿನಲ್ಲಿ ಹೊಟ್ಟೆಯನ್ನು ಕಲಕುತ್ತದೆ. ವಾಕರಿಕೆ, ಭೇದಿ, ಬಾಯಲ್ಲಿ ಲೋಹದ ರುಚಿ. ಊಟದ ಮಧ್ಯೆಯೋ ಊಟವಾದ ಕೂಡಲೋ ತಗೊಂಡರೆ ಎಷ್ಟೋ ಮೇಲು. ಸಾಮಾನ್ಯವಾಗಿ ಕೆಲವು ವಾರದಲ್ಲಿ ಹೊಟ್ಟೆ ಹೊಂದಿಕೊಳ್ಳುತ್ತದೆ. ಹೊಂದಿಕೊಳ್ಳದಿದ್ದರೆ ನಿಧಾನವಾಗಿ ಕರಗುವ ಬಗೆ ಸಿಗುತ್ತದೆ, ಕೇಳಿ ನೋಡಿ. ಆ ಬಗೆಯ ಮಾತ್ರೆಯ ಸಿಪ್ಪೆ ಕೆಲವೊಮ್ಮೆ ಮಲದಲ್ಲಿ ಹಾಗೇ ಕಾಣಿಸುತ್ತದೆ. ಔಷಧಿ ಒಳಗೇ ಬಿಟ್ಟುಕೊಂಡಿರುತ್ತದೆ, ಗಾಬರಿ ಬೇಡ. ಹಲವಾರು ವರ್ಷ ಮೆಟ್ಫಾರ್ಮಿನ್ ತಗೊಂಡವರಿಗೆ ಬಿ12 ಜೀವಸತ್ವ ಕಡಿಮೆಯಾಗಬಹುದು. ಕಾಲು ಜೋಮು ಹಿಡಿಯುವುದು, ಸುಸ್ತು, ಮರೆವು ಕಂಡರೆ ವಯಸ್ಸಿನ ಮೇಲೆ ಹಾಕದೆ ರಕ್ತ ಪರೀಕ್ಷೆ ಮಾಡಿಸಿ.

ಎದ್ದು ನಿಂತಾಗ ತಲೆ ಸುತ್ತುವುದನ್ನು ನಾನು ತುಂಬಾ ಗಂಭೀರವಾಗಿ ತಗೊಳ್ಳುತ್ತೇನೆ. ಬಿಪಿ ಮಾತ್ರೆ, ಪ್ರಾಸ್ಟೇಟ್ ಮಾತ್ರೆ, ನಿದ್ದೆ ಮಾತ್ರೆ ಯಾವುದರಿಂದಲೂ ಬರಬಹುದು. ತಲೆ ಸುತ್ತಿಗಿಂತ ಅದರಿಂದ ಬೀಳುವುದು ಅಪಾಯ. ಈ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಮುಗಿಯಿತು. ಎಚ್ಚರವಾದ ಮೇಲೆ ಮೊದಲು ಹಾಸಿಗೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರುತ್ತೇನೆ. ಪಾದವನ್ನು ಹತ್ತು ಹದಿನೈದು ಸಲ ಮೇಲೆ ಕೆಳಗೆ ಆಡಿಸುತ್ತೇನೆ. ಆಮೇಲೆ ಗೋಡೆ ಹಿಡಿದು ನಿಂತು, ಒಂದು ಗಳಿಗೆ ಬಿಟ್ಟು ಹೆಜ್ಜೆ. ತುಂಬಾ ಬಿಸಿ ನೀರಿನ ಸ್ನಾನ ಮಾಡಿದ ಕೂಡಲೇ ದಡಕ್ಕನೆ ಏಳುವುದಿಲ್ಲ. ಮನೆಯಲ್ಲಿ ಬಿಪಿ ಯಂತ್ರ ಇದ್ದರೆ ಕೂತಾಗ ಒಮ್ಮೆ, ನಿಂತು ಒಂದು ನಿಮಿಷಕ್ಕೆ ಒಮ್ಮೆ, ಮೂರು ನಿಮಿಷಕ್ಕೆ ಒಮ್ಮೆ ನೋಡಿ ಬರೆದಿಡಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಡಾಕ್ಟರಿಗೆ ತೋರಿಸಲೇಬೇಕು.

ಬಾಯಿ ಒಣಗುವುದಕ್ಕೆ ಆಗಾಗ ಗುಟುಕು ನೀರು ಸಾಕು. ಸಿಹಿ ಪೆಪ್ಪರ್‌ಮಿಂಟ್ ಚೀಪಬೇಡಿ, ಜೊಲ್ಲಿಲ್ಲದ ಬಾಯಲ್ಲಿ ಹಲ್ಲು ಬೇಗ ಹುಳುಕಾಗುತ್ತದೆ. ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ. ಆದರೆ ಟಾರಿನಂತೆ ಅಂಟಂಟಾಗಿ ಕೆಟ್ಟ ವಾಸನೆ ಇದ್ದರೆ ಅದು ರಕ್ತ, ಕೂಡಲೇ ಓಡಿ. ಉಬ್ಬಸದ ಸ್ಟೀರಾಯ್ಡ್ ಪಂಪ್ ಎಳೆದ ಮೇಲೆ ಪ್ರತಿ ಸಲ ಬಾಯಿ ಮುಕ್ಕಳಿಸಿ ಉಗಿಯಿರಿ, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಅಗ್ರ ಕಟ್ಟುತ್ತದೆ.

ಕೊಲೆಸ್ಟ್ರಾಲ್ ಮಾತ್ರೆ, ಅಂದರೆ ಸ್ಟಾಟಿನ್ ಬಗ್ಗೆ ಒಂದು ಮಾತು. ತೊಡೆ ನೋವು, ಮೈಕೈ ನೋವು ಅಂತ ಅದನ್ನು ಬಿಡುವವರು ಬಹಳ. 2020ರಲ್ಲಿ ಬ್ರಿಟನ್ನಿನಲ್ಲಿ ಒಂದು ಚೆಂದದ ಪ್ರಯೋಗದ ಫಲಿತಾಂಶ ಬಂತು. ತೊಂದರೆಯಾಯಿತು ಅಂತ ಸ್ಟಾಟಿನ್ ಬಿಟ್ಟಿದ್ದ 60 ಜನರಿಗೆ ಒಂದು ವರ್ಷದ ಅವಧಿಯಲ್ಲಿ ಕೆಲವು ತಿಂಗಳು ನಿಜವಾದ ಮಾತ್ರೆ, ಕೆಲವು ತಿಂಗಳು ಔಷಧಿಯಿಲ್ಲದ ಹುಸಿ ಮಾತ್ರೆ, ಕೆಲವು ತಿಂಗಳು ಏನೂ ಇಲ್ಲ. ಹುಸಿ ಮಾತ್ರೆ ನುಂಗಿದ ತಿಂಗಳುಗಳಲ್ಲೂ ತೊಂದರೆ ಹೆಚ್ಚುಕಡಿಮೆ ಅಷ್ಟೇ ಇತ್ತು! ನೋವು ಸುಳ್ಳಲ್ಲ, ನೋವು ನಿಜವೇ. ಅದಕ್ಕೆ ಕಾರಣ ಬಹುಪಾಲು ಔಷಧಿಯಲ್ಲ, ಭಯ. ಅದನ್ನು ತಿಳಿದ ಮೇಲೆ ಅರ್ಧದಷ್ಟು ಜನ ಮತ್ತೆ ಮಾತ್ರೆ ಶುರು ಮಾಡಿದರು. ಮಾತ್ರೆಯನ್ನು ಅನುಮಾನಿಸಿ ಅಂತ ಶುರು ಮಾಡಿದವಳೇ ಇದನ್ನೂ ಹೇಳುತ್ತಿದ್ದೇನೆ, ಏನು ಮಾಡುವುದು. ಆದರೆ ಜೋರು ಸ್ನಾಯು ನೋವಿನ ಜೊತೆ ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಅದು ಭಯದ ಮಾತಲ್ಲ, ಅವತ್ತೇ ಆಸ್ಪತ್ರೆ.

ತಾವಾಗಿಯೇ ನಿಲ್ಲಿಸುವವರಿಗೆ ಸ್ವಲ್ಪ ಖಾರವಾಗಿ ಹೇಳುತ್ತೇನೆ. ಮೂರು ವಾರಕ್ಕಿಂತ ಜಾಸ್ತಿ ಸ್ಟೀರಾಯ್ಡ್ ತಗೊಂಡಿದ್ದರೆ ಮೈ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಧಡ್ ಅಂತ ಬಿಟ್ಟರೆ ಬಿಪಿ ಕುಸಿದು ಜೀವಕ್ಕೇ ಬರಬಹುದು. ಬಿಪಿಗೆ, ಹೃದಯಕ್ಕೆ ಕೊಡುವ ಅಟೆನೊಲಾಲ್, ಮೆಟೊಪ್ರೊಲಾಲ್ ಹಠಾತ್ತಾಗಿ ಬಿಟ್ಟರೆ ಎದೆ ಬಡಿತ ಏರುತ್ತದೆ, ಎದೆನೋವೂ ಬರಬಹುದು. ಫಿಟ್ಸ್ ಮಾತ್ರೆ ಬಿಟ್ಟರೆ ಫಿಟ್ಸ್. ಖಿನ್ನತೆಯ ಮಾತ್ರೆ ಬಿಟ್ಟರೆ ತಲೆ ತಿರುಗು, ಕಿರಿಕಿರಿ, ತಲೆಯಲ್ಲಿ ಕರೆಂಟ್ ಹೊಡೆದ ಹಾಗೆ. ಇವನ್ನೆಲ್ಲ ಇಳಿಸುವುದಕ್ಕೆ ಮೆಟ್ಟಿಲು ಇದೆ. ಆ ಮೆಟ್ಟಿಲನ್ನು ಡಾಕ್ಟರೇ ಬರೆದುಕೊಡಬೇಕು. ಒಂದು ಹೊತ್ತು ಮರೆತರೆ ಮುಂದಿನ ಸಲ ಎರಡು ನುಂಗಬೇಡಿ. ನಿಧಾನವಾಗಿ ಕರಗುವ ಮಾತ್ರೆಯನ್ನು ನುಂಗಲು ಕಷ್ಟ ಅಂತ ಪುಡಿ ಮಾಡಬೇಡಿ, ದಿನವಿಡೀ ಬಿಡಬೇಕಾದ ಔಷಧಿ ಒಂದೇ ಸಲ ಬಿಟ್ಟುಕೊಳ್ಳುತ್ತದೆ. ಕೀಲುವಾತದ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಮರೆತು ದಿನಾ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ, ಹಾಗಾಗಿ ವಾರದ ಯಾವ ದಿನ ಅಂತ ಡಬ್ಬಿಯ ಮೇಲೆ ದೊಡ್ಡದಾಗಿ ಬರೆಯಿರಿ.

ಮನೆಯವರ ನೋವಿನ ಮಾತ್ರೆಯನ್ನು ಕೇಳಿ ಪಡೆಯುವುದೂ ಒಳ್ಳೆಯದಲ್ಲ. ಬಿಪಿಗೆ 'ಪ್ರಿಲ್' ಅಥವಾ 'ಸಾರ್ಟಾನ್' ಮಾತ್ರೆ, ಜೊತೆಗೆ ಮೂತ್ರ ಹೋಗಿಸುವ ಮಾತ್ರೆ ಇರುವವರು ಮಂಡಿನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಸೇರಿಸಿಕೊಂಡರೆ ಮೂರೂ ಸೇರಿ ಮೂತ್ರಪಿಂಡಕ್ಕೆ ಏಟು. ವಾಂತಿ ಭೇದಿಯಾಗಿ ಮೈ ನೀರು ಬತ್ತಿದ ದಿನ ಇನ್ನೂ ಕಷ್ಟ. ಅಂಥ ದಿನ ಬಿಪಿ, ಶುಗರ್ ಮಾತ್ರೆ ಏನು ಮಾಡಬೇಕು ಅಂತ ಆರೋಗ್ಯವಾಗಿರುವಾಗಲೇ ಕೇಳಿಟ್ಟುಕೊಳ್ಳಿ.

ತುಟಿ, ನಾಲಿಗೆ, ಮುಖ ಊದುವುದು, ಉಸಿರು ಸಿಗದಿರುವುದು, ಮೈಮೇಲೆ ಗುಳ್ಳೆ ಎದ್ದು ಬಾಯೊಳಗೂ ಹುಣ್ಣಾಗುವುದು, ಕಣ್ಣು ಹಳದಿಯಾಗುವುದು, ಇದ್ದಕ್ಕಿದ್ದಂತೆ ಮಾತು ತಡವರಿಸಿ ಗೊಂದಲವಾಗುವುದು, ಇದಕ್ಕೆಲ್ಲ ಪುಸ್ತಕ ಬರೆಯುತ್ತಾ ಕೂರುವಂತಿಲ್ಲ. ತುರ್ತು ಚಿಕಿತ್ಸೆಗೆ ಹೊರಡಬೇಕು, ಮಾತ್ರೆಯ ಸ್ಟ್ರಿಪ್ಪುಗಳನ್ನೂ ಜೊತೆಗೆ ಒಯ್ಯಬೇಕು.

ವರ್ಷಕ್ಕೊಮ್ಮೆ ನಾನು ಮನೆಯಲ್ಲಿರುವ ಅಷ್ಟೂ ಔಷಧಿಯನ್ನು ಒಂದು ಚೀಲಕ್ಕೆ ತುಂಬುತ್ತೇನೆ. ಡಾಕ್ಟರ ಮೇಜಿನ ಮೇಲೆ ಸುರಿದು, "ಇದರಲ್ಲಿ ಇನ್ನೂ ಯಾವುದು ಬೇಕು?" ಅಂತ ಕೇಳುತ್ತೇನೆ. ಹೋದ ಸಲ ಅವರು ಒಂದು ಸ್ಟ್ರಿಪ್ಪನ್ನು ಎತ್ತಿ ನೋಡಿದರು. ಗ್ಯಾಸಿನ ಮಾತ್ರೆ, ಪ್ಯಾಂಟೊಪ್ರಜೋಲ್. ಯಾವತ್ತೋ ಮಂಡಿನೋವಿನ ಮಾತ್ರೆ ತಗೊಳ್ಳುವಾಗ ಹೊಟ್ಟೆ ಕೆಡದಿರಲಿ ಅಂತ ಬರೆದದ್ದು. ನೋವಿನ ಮಾತ್ರೆ ನಿಂತು ಆರು ವರ್ಷವಾಗಿತ್ತು. ಇದು ಮಾತ್ರ ದಿನಾ ಬೆಳಿಗ್ಗೆ ನಡೆದೇ ಇತ್ತು.